ಇಂಗ್ಲಿಷ್ ಬಾರದ ಅಪ್ಪ-ಅಮ್ಮ ಶಾಲೆಗೆ ಬರಬೇಕಾದರೆ

ಪ್ರಶ್ನೆ: ನಮ್ಮದು ಹಳ್ಳಿಯ ಸರ್ಕಾರಿ ಶಾಲೆ. ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮವೂ ಇದೆ. ಪೋಷಕರ ಸಭೆಗೆ 30ರಲ್ಲಿ ಐದಾರು ಮಂದಿ ಬರುತ್ತಾರೆ. ಬಂದವರೂ ಬಾಯಿ ಬಿಡುವುದಿಲ್ಲ. ಏನು ಮಾಡಲಿ?
– ಮುಖ್ಯ ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ಸಭೆ ಎಷ್ಟು ಗಂಟೆಗೆ, ಮೇಡಂ? ಬೆಳಗ್ಗೆ ಹನ್ನೊಂದಕ್ಕಾದರೆ ಕೂಲಿಯವರಿಗೆ ಅರ್ಧ ದಿನದ ಸಂಬಳ ಹೋಯಿತು. ಸಂಜೆ ಆರೂವರೆಗೆ, ಅವರ ಕೇರಿಯಲ್ಲೇ, 40 ನಿಮಿಷಕ್ಕೆ ಮುಗಿಸಿ. ಅಂಕಪಟ್ಟಿ ಓದಬೇಡಿ, ಮಗುವಿನ ನೋಟ್‌ಬುಕ್ಕಿನ ಜೂನ್‌ನ ಪುಟ ಮತ್ತು ಸೆಪ್ಟೆಂಬರ್‌ನ ಪುಟ ಪಕ್ಕಪಕ್ಕ ಇಟ್ಟು ತೋರಿಸಿ. ಓದು ಬಾರದ ತಾಯಿಗೂ ವ್ಯತ್ಯಾಸ ಕಾಣುತ್ತದೆ.

ಇಂಗ್ಲಿಷ್ ಸುತ್ತೋಲೆಯ ಫೋಟೊ ವಾಟ್ಸಾಪ್‌ಗೆ ಹಾಕಿದರೆ ಯಾರೂ ತೆರೆಯುವುದಿಲ್ಲ. ಒಂದು ನಿಮಿಷದ ಕನ್ನಡ ಧ್ವನಿ ಸಂದೇಶ ಕಳಿಸಿ. ದಾಖಲಾತಿಯಲ್ಲಿ ತಂದೆಯ ನಂಬರ್ ಮಾತ್ರ ಇದ್ದರೆ ತಾಯಿಯದನ್ನೂ ಕೇಳಿ ಪಡೆಯಿರಿ.

ಹೋಂವರ್ಕ್ ವಿಷಯದಲ್ಲಿ ಎಡವುವುದೇ ಹೆಚ್ಚು. ‘ಮನೆಯಲ್ಲಿ ಇಂಗ್ಲಿಷ್ ಮಾತಾಡಿಸಿ’ ಎಂದರೆ ಪೋಷಕರು ತಮ್ಮಿಂದಾಗದು ಎಂದು ದೂರ ಸರಿಯುತ್ತಾರೆ. ಮಗು ಐದು ನಿಮಿಷ ಗಟ್ಟಿಯಾಗಿ ಓದಲಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಲಿ. ಅಮ್ಮ ‘ಯಾರು, ಎಲ್ಲಿ, ಯಾಕೆ’ ಎಂದು ಕೇಳಿದರೆ ಸಾಕು. ಮನೆಮಾತಿನಲ್ಲಿ ಅರ್ಥವಾದ ವಿಷಯಕ್ಕೆ ಇಂಗ್ಲಿಷ್ ಪದ ಕಲಿಸುವುದು ಸುಲಭ.

ಉರ್ದು, ಲಂಬಾಣಿ ಮಾತಾಡುವ ಮನೆಯವರಿಗೆ ಅದೇ ಭಾಷೆಯ ಇನ್ನೊಬ್ಬ ಪೋಷಕರನ್ನು ಜೊತೆಗೆ ಕೂರಿಸಿ. ಮಗುವನ್ನೇ ದುಭಾಷಿ ಮಾಡಬೇಡಿ. ತನ್ನ ತಪ್ಪನ್ನು ಅದು ಜಾಣತನದಿಂದ ನುಂಗಿಬಿಡುತ್ತದೆ!

ಹಾಗೆಯೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು. ಆ ತಾಯಂದಿರಿಗೆ ಸಹಿಯ ಜೊತೆ ಕೆಲಸವನ್ನೂ ಕೊಡಿ: ತಲಾ ಐದು ಮನೆಗೆ ಸಭೆಯ ಸುದ್ದಿ ಮುಟ್ಟಿಸಲಿ.