ಅಟ್ಟದ ಮೇಲೆ ಕಾಯಿ ಇತ್ತು, ನಾನು ಪಿಎಫ್ ತೆಗೆದೆ

ಸಂಬಳದಲ್ಲಿ ಎಷ್ಟು ಪರ್ಸೆಂಟ್ ಊರಿಗೆ, ಎಷ್ಟು ನನ್ನ ಉಳಿತಾಯಕ್ಕೆ ಅಂತ ಕೇಳಿದ್ದೀರಿ. ತಂಗಿ ಮದುವೆಗೆ ಪಿಎಫ್ (ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಯುವ ಭವಿಷ್ಯ ನಿಧಿ) ತೆಗೆಯಲಾ ಅಂತ ಕೊನೆಯಲ್ಲಿ ಒಂದು ಸಾಲು ಬೇರೆ. ಆ ಸಾಲು ಓದಿ ಎದೆ ಧಸಕ್ ಅಂದಿತು. 2017ರಲ್ಲಿ ಅದನ್ನೇ ಮಾಡಿದವನು ನಾನು.

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ತೆಂಗು, ಒಂದು ಬೋರು. 2013ರಲ್ಲಿ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದೆ. ತಿಂಗಳಿಗೆ 8,000 ಊರಿಗೆ ಹೋಗುತ್ತಿತ್ತು. ಮಿಕ್ಕಿದ್ದು ಪಿಜಿ, ಊಟ, ಬಸ್ ಪಾಸಿಗೆ ಸರಿಹೋಗುತ್ತಿತ್ತು. ಉಳಿತಾಯ ಅಂತ ಇದ್ದದ್ದು ಪಿಎಫ್ ಒಂದೇ. ಅದೂ ಕಂಪನಿಯವರು ನನ್ನನ್ನು ಕೇಳದೆ ಹಿಡಿದುಕೊಳ್ಳುತ್ತಿದ್ದರು ಅನ್ನುವ ಕಾರಣಕ್ಕೆ ಉಳಿದಿತ್ತು, ಅಷ್ಟೇ.

2017ರ ಜೂನ್ ಕೊನೆಗೆ ಆ ಕೆಲಸ ಹೋಯಿತು. ಆಗಸ್ಟಿನಲ್ಲಿ ಅಮ್ಮನ ಫೋನು. ತಂಗಿಗೆ ಗಂಡು ಒಪ್ಪಿಗೆ ಆಗಿದೆ, ಕಾರ್ತಿಕದಲ್ಲಿ ಮದುವೆ. "ದುಡ್ಡಿಂದೇ ಯೋಚ್ನೆ ಕಣಪ್ಪ" ಅಂದರು. ನಾನು "ಅಯ್ಯೋ, ನಾನಿದೀನಿ ಬಿಡಮ್ಮ" ಅಂದೆ. ಕೈಯಲ್ಲಿ ಕೆಲಸ ಇಲ್ಲದವನ ಮಾತು ನೋಡಿ! ಎಷ್ಟು ಬೇಕು, ಎಷ್ಟು ಇದೆ ಅಂತ ಒಂದು ಮಾತು ಕೇಳಲಿಲ್ಲ. ಕೇಳಿದರೆ ಜಿಪುಣ ಅಂದುಕೊಳ್ಳುತ್ತಾರೇನೋ ಅನ್ನುವ ಭಯ.

ಎರಡು ತಿಂಗಳು ಕೆಲಸ ಇಲ್ಲದಿದ್ದರೆ ಪಿಎಫ್ ಪೂರ್ತಿ ತೆಗೆಯಬಹುದು ಅನ್ನುವ ನಿಯಮ ಆಗ ಇತ್ತು. ಸೆಪ್ಟೆಂಬರ್ ಮೊದಲ ವಾರವೇ ಅರ್ಜಿ ಹಾಕಿದೆ. ಅದಾದ ಎರಡೇ ವಾರಕ್ಕೆ ಹೊಸ ಕೆಲಸ ಸಿಕ್ಕಿತು. ಅಲ್ಲಿಗೇ ಟ್ರಾನ್ಸ್‌ಫರ್ ಮಾಡಿಕೊಳ್ಳಬಹುದಿತ್ತು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಿಎಫ್ ಖಾತೆಯಲ್ಲಿ ಹೆಚ್ಚುಕಡಿಮೆ 1.2 ಲಕ್ಷ ಇತ್ತು. ನನ್ನ ಸರ್ವಿಸ್ ನಾಲ್ಕೇ ವರ್ಷ. ಐದು ವರ್ಷ ತುಂಬುವ ಮೊದಲು ತೆಗೆದರೆ ಅದಕ್ಕೆ ತೆರಿಗೆ. 50,000 ದಾಟಿದ್ದರಿಂದ ಹತ್ತು ಪರ್ಸೆಂಟ್ ಟಿಡಿಎಸ್ ಅಂತ ತೆರಿಗೆ ಅಲ್ಲೇ ಹಿಡಿದರು, ಹನ್ನೆರಡು ಸಾವಿರ. ಹೊಸ ಕಂಪನಿಗೆ ಟ್ರಾನ್ಸ್‌ಫರ್ ಮಾಡಿದ್ದಿದ್ದರೆ ಹಳೆಯ ನಾಲ್ಕು ವರ್ಷವೂ ಲೆಕ್ಕಕ್ಕೆ ಬರುತ್ತಿತ್ತು. ಆಗ ಬಡ್ಡಿ 8.5ರ ಆಸುಪಾಸು. 8 ಅಂತಲೇ ಹಿಡಿಯಿರಿ, ಒಂಬತ್ತು ವರ್ಷಕ್ಕೊಮ್ಮೆ ದುಡ್ಡು ದುಪ್ಪಟ್ಟಾಗುತ್ತದೆ. ನನಗಾಗ 26. ಆ 1.2 ಲಕ್ಷ ಸುಮ್ನೆ ಬಿದ್ದಿದ್ದರೂ 58ರ ಹೊತ್ತಿಗೆ ಹದಿನಾಲ್ಕು ಲಕ್ಷದ ಹತ್ತಿರ ಬರುತ್ತಿತ್ತು.

ಅದಕ್ಕಿಂತ ಹೊಟ್ಟೆ ಉರಿಯುವುದು ಪೆನ್ಷನ್ ವಿಷಯಕ್ಕೆ. ಕಂಪನಿ ಹಾಕುವ ಪಾಲಿನಲ್ಲಿ ಒಂದು ಭಾಗ ಪೆನ್ಷನ್ ಸ್ಕೀಮಿಗೆ ಹೋಗುತ್ತದಲ್ಲ, ಅದನ್ನೂ 10ಸಿ ಫಾರಂ ತುಂಬಿ ತೆಗೆದೆ. ಅರವತ್ತು ಸಾವಿರ ಚಿಲ್ಲರೆ ಬಂತು. ಖುಷಿಯೋ ಖುಷಿ. ಆ ಪೆನ್ಷನ್ನಿಗೆ ಹತ್ತು ವರ್ಷದ ಸರ್ವಿಸ್ ಬೇಕು, ತೆಗೆದುಬಿಟ್ಟರೆ ಅಲ್ಲಿಯವರೆಗಿನ ಸರ್ವಿಸ್ ಸೊನ್ನೆ ಅಂತ ಗೊತ್ತೇ ಇರಲಿಲ್ಲ. 2023ಕ್ಕೆ ನನ್ನ ಹತ್ತು ವರ್ಷ ಮುಗಿಯಬೇಕಿತ್ತು. ಈಗ ಅದು 2027. ಸರ್ವಿಸ್ ಬೇಕಿದ್ದರೆ ಅದೇ 10ಸಿಯಲ್ಲಿ ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದಿತ್ತು. ದುಡ್ಡು ಬೇಡ, ಸರ್ವಿಸ್ ಉಳಿಸಿಕೊಳ್ಳಿ ಅಂತ ಅರ್ಥ. ನಾನು ಆ ಸಾಲನ್ನು ಓದಲೇ ಇಲ್ಲ.

ಎಲ್ಲ ಸೇರಿ 1.7 ಲಕ್ಷ ಅಪ್ಪನ ಕೈಗಿಟ್ಟೆ. ಛತ್ರ, ಊಟ, ಒಡವೆ ಎಲ್ಲ ಚೆನ್ನಾಗಿ ಆಯಿತು. ಬೀಗರು ಹೊಗಳಿದರು.

ಅಸಲಿ ಕಥೆ ಆಮೇಲೆ. ಉಂಡೆ ಕೊಬ್ಬರಿ ಮಾಡುವುದು ನೀವು ನೋಡಿದ್ದೀರೋ ಇಲ್ಲವೋ. ಕಿತ್ತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಮದುವೆ ಹೊತ್ತಿಗೆ ನಮ್ಮ ಅಟ್ಟದಲ್ಲಿ ಎಂಟು ಸಾವಿರ ಕಾಯಿ ಒಣಗಿ ಕೂತಿತ್ತು. ಅಪ್ಪ ಅದನ್ನು ಮಗಳ ಮದುವೆಗೆ ಅಂತಲೇ ಇಟ್ಟಿದ್ದರು. ನಾನು ದುಡ್ಡು ತಂದೆನಲ್ಲ, ರೇಟು ಇನ್ನೂ ಏರಲಿ ಅಂತ ಹಾಗೇ ಬಿಟ್ಟರು. ಮುಂದಿನ ಫೆಬ್ರವರಿಯಲ್ಲಿ ತಿಪಟೂರು ಮಾರ್ಕೆಟ್ಟಿಗೆ ಹಾಕಿ, ಬಂದ ದುಡ್ಡಲ್ಲಿ ಹೊಸ ಬೋರು ಕೊರೆಸಿದರು. 850 ಅಡಿ. ಬರೀ ಧೂಳು.

ಎರಡು ವರ್ಷ ಕಳೆದ ಮೇಲೆ ಒಂದು ದಿನ ಅಪ್ಪ ಕೇಳಿದರು, ಆ ದುಡ್ಡು ಎಲ್ಲಿಂದ ತಂದಿದ್ದೆ ಅಂತ. ಪಿಎಫ್ ಅಂದರೆ ಏನು ಅಂತ ವಿವರಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಟ್ಟದ ಮೇಲೆ ಕಾಯಿ ಇತ್ತಲ್ಲೋ. ಕೇಳಿದ್ದಿದ್ರೆ ಹೇಳ್ತಿರ್ಲಿಲ್ವಾ?" ಅಂದರು.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪರ್ಸೆಂಟ್ ಪ್ರಶ್ನೆಯೇ ಸರಿಯಿಲ್ಲ. ಮೂವತ್ತೋ ಐವತ್ತೋ ಅಂತ ಬೆಂಗಳೂರಲ್ಲಿ ಕೂತು ಹೇಗೆ ಹೇಳುತ್ತೀರಿ? ಮನೆಯಲ್ಲಿ ಏನಿದೆ, ಯಾರಿಗೆ ಎಷ್ಟು ಕೊಡಬೇಕು, ಯಾವ ಬಡ್ಡಿಗೆ ಅಂತ ಗೊತ್ತಿಲ್ಲದೆ ಹಂಚುವುದು ಏನನ್ನು? ನಮ್ಮ ಮನೆಯ ಲೆಕ್ಕ ಕೊನೆಗೂ ಬಿಚ್ಚಿದಾಗ ಇನ್ನೊಂದು ಬಯಲಾಯಿತು. ನಾನು ಕಳಿಸುತ್ತಿದ್ದ 8,000ವನ್ನು ಅಪ್ಪ ಸೊಸೈಟಿ ಬೆಳೆ ಸಾಲಕ್ಕೆ ಅಂತ ಕೂಡಿಟ್ಟು, ಗಡುವಿಗೆ ಆರು ತಿಂಗಳು ಮೊದಲೇ ಕಟ್ಟುತ್ತಿದ್ದರು. ಗಡುವಿನೊಳಗೆ ಕಟ್ಟಿದರೆ ಆ ಸಾಲಕ್ಕೆ ಬಡ್ಡಿಯೇ ಇಲ್ಲ! ಸೊಸೈಟಿಯವರು ಊರಿನವರೇ, ಅವರ ಮುಂದೆ ಮರ್ಯಾದೆ ಅಂತ. ಅದೇ ಹೊತ್ತಿಗೆ ಅಮ್ಮನ ಸರ ಒಬ್ಬರ ಹತ್ತಿರ ಎರಡು ರೂಪಾಯಿ ಬಡ್ಡಿಗೆ ಅಡ ಬಿದ್ದಿತ್ತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ 24. ನಾನು ಕಳಿಸುವುದನ್ನು ಒಂದು ರೂಪಾಯಿಯೂ ಜಾಸ್ತಿ ಮಾಡದೆ, ಬರೀ ದಾರಿ ಬದಲಿಸಿದ್ದಕ್ಕೆ ಹತ್ತು ತಿಂಗಳಲ್ಲಿ ಸರ ಮನೆಗೆ ಬಂತು.

ಸಂಬಳ ಏರಿದ್ದು ಮನೆಯಲ್ಲಿ ಹೇಳಬೇಡಿ ಅಂತ ತುಂಬಾ ಜನ ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ನೀವು ಪೇಸ್ಲಿಪ್ ಮುಚ್ಚಿಟ್ಟರೆ ಅವರು ಅಡಚೀಟಿ ಮುಚ್ಚಿಡುತ್ತಾರೆ. ನಾನು ಬಾಡಿಗೆ, ಪಿಎಫ್ ಕಡಿತ ಎಲ್ಲ ತೋರಿಸಿದ ಮೇಲೆ ಅಮ್ಮನೇ "ನಿಂಗೂ ಏನೂ ಉಳಿಯಲ್ವಲ್ಲ" ಅಂದರು.

ಉಳಿತಾಯದ ಬಗ್ಗೆ ಒಂದೇ ಮಾತು. ಆರ್‌ಡಿ, ಎಸ್‌ಐಪಿ ಅಂತ ತಿಂಗಳ ಉಳಿತಾಯ ಶುರು ಮಾಡುವ ಮೊದಲು ಅಪ್ಪ ಅಮ್ಮನ ಹೆಸರಲ್ಲಿ ಆರೋಗ್ಯ ವಿಮೆ ಮಾಡಿಸಿ. ಈಗಾಗಲೇ ಇರುವ ಶುಗರ್, ಬಿಪಿಯ ಖರ್ಚು ಕೊಡಲು ವಿಮೆ ಕಂಪನಿಯವರು ಮೂರು ವರ್ಷದವರೆಗೆ ಕಾಯಿಸಬಹುದು, ಅದಕ್ಕೇ ತಡ ಮಾಡಬೇಡಿ. ಊರಿನಿಂದ ಒಮ್ಮೆಲೇ ಲಕ್ಷಗಟ್ಟಲೆ ಬೇಕು ಅಂತ ಫೋನು ಬರುವುದು ಹೆಚ್ಚಾಗಿ ಆಸ್ಪತ್ರೆಯಿಂದಲೇ. ಮದುವೆಗಾದರೆ ಯೋಚನೆ ಮಾಡಲು ಟೈಮ್ ಇರುತ್ತದೆ.

ನಿಮ್ಮ ತಂಗಿಯನ್ನು ಕೇಳಿದಿರಾ ಅಂದಹಾಗೆ? ನನ್ನ ತಂಗಿಗೆ ದೇವಸ್ಥಾನದಲ್ಲಿ ಮದುವೆಯಾಗಿ, ಆ ದುಡ್ಡಲ್ಲಿ ಬಿ.ಎಡ್ ಓದುವ ಆಸೆ ಇತ್ತಂತೆ. ನನಗೆ ಗೊತ್ತಾಗಿದ್ದು ಅವಳ ಮಗುವಿನ ನಾಮಕರಣದ ದಿನ.

ಮತ್ತೆ, ಒಂದೇ ಸಲಕ್ಕೆ ಅಪ್ಪ ಬಾಯಿ ಬಿಡುತ್ತಾರೆ ಅಂದುಕೊಳ್ಳಬೇಡಿ. ನಾನು ಮೊದಲ ಸಲ ಹಬ್ಬದ ದಿನ ಪೆನ್ನು, ನೋಟ್‌ಬುಕ್ ಹಿಡಿದು ಎದುರಿಗೆ ಕೂತೆ. ಅಪ್ಪ ಎದ್ದು ಹಟ್ಟಿ ಕಡೆ ಹೋದರು. ಎರಡನೇ ಸಲ "ಎಲ್ಲ ಇದೆ ಬಿಡು" ಅಂದರು. ಮೂರನೇ ಸಲ ಹೋದಾಗ ತೋಟದಲ್ಲಿ ಇಬ್ಬರೂ ಒಣಗರಿ ಎಳೆದು ಹಾಕುತ್ತಿದ್ದೆವು. ಆಗ, ನನ್ನ ಮುಖ ನೋಡದೆ, ಒಂದೊಂದಾಗಿ ಹೇಳಿದರು.