ಸ್ಮೋಕರ್ ಬೂದಿ ತಣ್ಣಗಾಗಿದೆ ಅಂತ ಕೈ ಇಟ್ಟು ನಂಬಬೇಡಿ

ಪ್ರಶ್ನೆ: ರಾತ್ರಿ ಇದ್ದಿಲಿನ ಸ್ಮೋಕರ್‌ನಲ್ಲಿ (ಹೊಗೆಯಲ್ಲಿ ಮಾಂಸ ಬೇಯಿಸುವ ಮುಚ್ಚಳದ ಒಲೆ) ಕೋಳಿ ಮಾಡಿದ್ವಿ. ಆಗಲೇ ನೀರು ಹಾಕಿ ಬೂದಿ ತೆಗೆಯಬಹುದಾ? (ಹಾವೇರಿಯ ಓದುಗರು)

ಉತ್ತರ: ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ನೀರು ಬೇಡವೇ ಬೇಡ. ಕಾದ ತಗಡಿಗೆ ತಣ್ಣೀರು ಬಿದ್ದರೆ ತಗಡು ಸೊಟ್ಟಗಾಗುತ್ತದೆ, ಬಿಸಿ ಹಬೆ ಬೂದಿ ಸಮೇತ ಮುಖಕ್ಕೆ ಹಾರುತ್ತದೆ. ಮೇಲಿನ, ಕೆಳಗಿನ ಗಾಳಿಕಿಂಡಿ ಎರಡೂ ಮುಚ್ಚಿ, ಮಲಗಿ. ಗಾಳಿ ಸಿಗದೆ ಇದ್ದಿಲು ತಾನೇ ಆರುತ್ತದೆ, ಉಳಿದ ತುಂಡು ಮುಂದಿನ ಸಲಕ್ಕೆ ಬರುತ್ತದೆ.

ಕನಿಷ್ಠ 24 ತಾಸು ಬಿಡಿ, 48 ಆದರೆ ಇನ್ನೂ ಒಳ್ಳೆಯದು. "ಬೆಳಿಗ್ಗೆ ಮುಟ್ಟಿ ನೋಡಿದೆ, ತಣ್ಣಗಿತ್ತು" ಅನ್ನುತ್ತೀರಿ. ನಮ್ಮ ಅಜ್ಜಿಯರು ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರು, ಬೆಳಿಗ್ಗೆ ಕೆದರಿ ಊದಿ ಅದರಿಂದಲೇ ಒಲೆ ಹಚ್ಚುತ್ತಿದ್ದರು, ಅಲ್ವಾ? ಸ್ಮೋಕರ್ ಒಳಗೂ ಅದೇ ಆಗುವುದು. ನಾನೇ ಒಮ್ಮೆ ಮರುದಿನ ಮಧ್ಯಾಹ್ನ ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದಿದ್ದೆ. ಚಹಾ ಕುಡಿದು ಬರುವಷ್ಟರಲ್ಲಿ ತಳದಲ್ಲಿ ರೂಪಾಯಿ ಅಗಲದ ತೂತು, ಅಂಚು ಕರಗಿ ಜೋತು ಬಿದ್ದಿತ್ತು, ಕೆಳಗೆ ನೆಲದ ಮೇಲೆ ಅವರೆಕಾಳಿನಷ್ಟು ಒಂದು ಕೆಂಡ ಇನ್ನೂ ಕೆಂಪಗಿತ್ತು. ಅವತ್ತಿನಿಂದ ನನಗೆ ಮುಚ್ಚಳ ಇರುವ ಕಬ್ಬಿಣದ ಬಕೆಟ್ ಬಿಟ್ಟು ಬೇರೇನೂ ನಂಬಿಕೆ ಇಲ್ಲ. ಅದನ್ನೂ ಕಲ್ಲಿನ ಮೇಲೆ, ಮನೆ ಹೊರಗೇ ಇಡಿ. ಆರದ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರು ಏಳದೇ ಹೋಗಬಹುದು. ಗದಗಿನವರು ಇನ್ನೂ ಹುಷಾರಾಗಿರಿ, ಗಾಳಿಯಂತ್ರ ತಿರುಗುವ ಊರಲ್ಲಿ ಬೂದಿಯನ್ನು ತಿಪ್ಪೆಗೆ, ಅದರಲ್ಲೂ ಕಣಿಕೆ ಬಣವಿಯ ಹತ್ತಿರ, ಸುಮ್ನೆ ಸುರಿಯಬೇಡಿ.

ಹಾಗಂತ ವಾರಗಟ್ಟಲೆ ಒಳಗೇ ಬಿಡಲೂ ಬೇಡಿ. ಶ್ರಾವಣದಲ್ಲಿ ಮಾಂಸ ಬಿಡುವ ಮನೆಗಳಲ್ಲಿ ಸ್ಮೋಕರ್ ಹಳೇ ಬೂದಿಯ ಸಮೇತ ತಿಂಗಳು ಮೂಲೆಯಲ್ಲಿ ಕೂರುತ್ತದೆ. ಮಳೆಗಾಲದ ತೇವ ಹೀರಿದ ಬೂದಿ ಸಿಮೆಂಟಿನಂತೆ ತಳಕ್ಕೆ ಅಂಟಿ ತುಕ್ಕು ಹಿಡಿಸುತ್ತದೆ. ಗಣಪತಿ ಕಳಿಸಿ ಬಂದು ಮುಚ್ಚಳ ತೆಗೆದರೆ ಕೆಳಗಿನ ಕಿಂಡಿ ಕಟ್ಟಿರುತ್ತದೆ, ಇದ್ದಿಲಿಗೆ ಗಾಳಿ ಸಾಲದೆ ಮಾಂಸಕ್ಕೆ ಕಹಿ ಹೊಗೆ ಹತ್ತುತ್ತದೆ. ಆಮೇಲೆ ಇದ್ದಿಲು ಮಾರಿದವನನ್ನು ಬೈಯುತ್ತೀರಿ.

ಪ್ರಶ್ನೆ: ಈ ಬೂದಿ ಗಿಡಕ್ಕೆ ಹಾಕಬಹುದಾ? (ಧಾರವಾಡ)

ಉತ್ತರ: ನಿಮ್ಮದು ಎರೆ ಮಣ್ಣಾದರೆ ಬೇಡ. ಅದು ಮೊದಲೇ ಕ್ಷಾರ, ಬೂದಿಯೂ ಕ್ಷಾರ. ಹುಳಿ ಅಂಶದ ಕೆಂಪು ಮಣ್ಣಾದರೆ ಒಂದು ಹಿಡಿ ಸಾಕು, ಅದೂ ಬರೀ ಕಟ್ಟಿಗೆ ಇದ್ದಿಲಿನ ಬೂದಿ. ಇದ್ದಿಲ ಪುಡಿಯನ್ನು ಅಚ್ಚು ಒತ್ತಿ ಮಾಡಿದ ಬ್ರಿಕೆಟ್ ಆಗಿದ್ದರೆ ಅದರಲ್ಲಿ ಏನೇನು ಬೆರೆಸಿರುತ್ತಾರೋ, ಹಾಕಬೇಡಿ.

ಪ್ರಶ್ನೆ: ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದರೆ?

ಉತ್ತರ: ಬೇಡ. ಒಂದು ಕಿಡಿ ಒಳಗೆ ಹೋದರೆ ಚೀಲಕ್ಕೇ ಬೆಂಕಿ.

ಪ್ರಶ್ನೆ: ಈ ಬೂದಿಯಿಂದ ಉಜ್ಜಿದರೆ ಹಲ್ಲು ಬೆಳ್ಳಗಾಗುತ್ತದೆ ಅಂತ ಒಬ್ಬರು ವಿಡಿಯೋದಲ್ಲಿ ಹೇಳಿದರು, ನಿಜವಾ?

ಉತ್ತರ: ಸುಳ್ಳು. ವಸಡು ಉರಿಯುತ್ತದೆ, ಹಲ್ಲಿನ ಮೇಲಿನ ಪದರ ಸವೆಯುತ್ತದೆ. ಇಂಥದ್ದನ್ನು ಹೇಳುವವರಿಗೆ ಹಲ್ಲೂ ಗೊತ್ತಿಲ್ಲ, ಬೂದಿಯೂ ಗೊತ್ತಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ.