ಉದುರದ ಮರಿಹುಳುವನ್ನು ಬಿಟ್ಟು ಕೋಷ್ಟಕಕ್ಕೆ ಹೋದಿರಿ

ಪ್ರಿಯರೇ,

‘ರಾಯಲ್ ಜೆಲ್ಲಿ: ಜೇನುಗೂಡಿನ ಅಮೃತ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೂ ಇಷ್ಟುದ್ದದ ಪತ್ರ ಬರೆಯುತ್ತಿರುವುದು ಮೂರನೇ ಪುಟದ ನಾಲ್ಕು ಸಾಲುಗಳಿಗಾಗಿ. ಶಿರಸಿಯಲ್ಲಿ ಸೋದರಮಾವ ನಮ್ಮ ನಾಡಿನ ತುಡುವೆ ಜೇನಿನ ಪೆಟ್ಟಿಗೆ ತೆರೆದಾಗ, ಎರಿಯ ಅಂಚಿನಲ್ಲಿ ಬಾಯಿ ಕೆಳಗಾಗಿ ಜೋತುಬಿದ್ದ ರಾಣಿಕೋಶವನ್ನು, ಎಂದರೆ ಮುಂದೆ ರಾಣಿಯಾಗುವ ಮರಿ ಬೆಳೆಯುವ ಕೋಶವನ್ನು, ನೀವು ಕಂಡಿರಿ. ಒಳಗೆ ಗಟ್ಟಿ ಮೊಸರಿನಂಥ ಬಿಳಿ ರಸ, ಅದೇ ರಾಯಲ್ ಜೆಲ್ಲಿ; ಅದಕ್ಕೆ ಅಂಟಿಕೊಂಡ ಮರಿಹುಳು. ‘ಇದು ಕೆಳಗೆ ಬೀಳುವುದಿಲ್ಲವೇ ಮಾವ?’ ಎಂದು ಕೇಳಿದಿರಿ. ಮಾವ ನಕ್ಕು ಸುಮ್ಮನಾದರು. ನೀವೂ ಸುಮ್ಮನಾಗಿ, ಮುಂದಿನ ಸಾಲಿನಲ್ಲೇ ಶೇಕಡಾವಾರು ಕೋಷ್ಟಕಕ್ಕೆ ಹೋಗಿಬಿಟ್ಟಿರಿ.

ಆ ಪ್ರಶ್ನೆಯನ್ನು ಕೈಬಿಡಬಾರದಿತ್ತು, ಅದಕ್ಕೆ ಉತ್ತರವಿದೆ. ಮರಿಗಳಿಗೆ ಉಣಿಸುವ ದಾದಿ ಜೇನಿನ ತಲೆಯಲ್ಲಿರುವ ಒಂದು ಜೋಡಿ ಗ್ರಂಥಿಗಳು ಪ್ರೋಟೀನನ್ನು ಸ್ರವಿಸುತ್ತವೆ, ದವಡೆಯ ಗ್ರಂಥಿಗಳು ಕೊಬ್ಬಿನಾಮ್ಲಗಳನ್ನು. ಎರಡೂ ಬೆರೆತಾಗ ರಸದ ಪಿಎಚ್ ಮಟ್ಟ (ಇದು ಇಳಿದಷ್ಟೂ ಹುಳಿ ಹೆಚ್ಚು) 4ರ ಆಸುಪಾಸಿಗೆ ಇಳಿಯುತ್ತದೆ. ಆ ಹುಳಿಯಲ್ಲಿ ಪ್ರೋಟೀನ್ ಎಳೆಎಳೆಯಾಗಿ ಹೆಣೆದುಕೊಂಡು ರಸ ಅಂಟಾಗುತ್ತದೆ. ಜರ್ಮನಿಯ ಹಾಲೆ ನಗರದ ಸಂಶೋಧಕರು 2018ರಲ್ಲಿ ಇದನ್ನು ಯುರೋಪಿನ ಜೇನಿನಲ್ಲಿ ತೋರಿಸಿದರು. ಪಿಎಚ್ ಅನ್ನು ಏರಿಸಿದಾಗ ರಸ ತೆಳುವಾಯಿತು, ಮರಿಹುಳುಗಳು ಉದುರಿದವು. ಅವರು ನೋಡಿದ್ದು ತುಡುವೆಯನ್ನಲ್ಲ ಎಂಬುದನ್ನು ಬರೆಯುವಾಗ ಮರೆಯದಿರಿ.

ಈಗ ನಿಮ್ಮ ಕೋಷ್ಟಕಕ್ಕೆ ಬನ್ನಿ. ನೀರು ಮೂರನೇ ಎರಡು ಪಾಲಿನಷ್ಟು, ಉಳಿದದ್ದು ಪ್ರೋಟೀನ್, ಸಕ್ಕರೆ, ಕೊಬ್ಬು. ಅಂಕಿಗಳು ಸರಿಯಾಗಿವೆ, ಆದರೆ ನಿರ್ಜೀವವಾಗಿವೆ. ಕೊನೆಯ ಸಾಲಿನಲ್ಲಿ ನೀವು ಕೂರಿಸಿದ 10-ಎಚ್‌ಡಿಎ ಆ ದವಡೆ ಗ್ರಂಥಿಗಳಿಂದ ಬರುವ ಕೊಬ್ಬಿನಾಮ್ಲಗಳಲ್ಲಿ ಮುಖ್ಯವಾದದ್ದು. ಪ್ರಯೋಗಾಲಯವು ರಾಯಲ್ ಜೆಲ್ಲಿಯ ಅಸಲಿತನಕ್ಕೆ ಮೊದಲು ಅಳೆಯುವುದು ಅದನ್ನೇ. ಮರಿಹುಳುವನ್ನು ಎತ್ತಿಹಿಡಿದ ಹುಳಿಗೂ ಶೀಶೆಯೊಳಗಿನ ಮಾಲಿನ ಪರೀಕ್ಷೆಗೂ ಇರುವ ಈ ನಂಟು ನಿಮ್ಮ ಕೈಯಲ್ಲೇ ಇತ್ತು!

ಇನ್ನು ತಪ್ಪುಗಳು. ‘10-ಎಚ್‌ಡಿಎ ಶೇ. 1.4 ಇದ್ದರೆ ಜೆಲ್ಲಿ ಶುದ್ಧ ಮತ್ತು ತಾಜಾ’ ಎಂದಿದ್ದೀರಿ. ರಾಯಲ್ ಜೆಲ್ಲಿಗೆ ಇರುವ 2016ರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 12824ರಲ್ಲಿ 1.4 ಕನಿಷ್ಠ ಮಿತಿ ಎಂಬುದು ನಿಜ. ಆದರೆ ಈ ಆಮ್ಲ ಸುಲಭವಾಗಿ ಕೆಡುವುದಿಲ್ಲ. ತಿಂಗಳುಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ದ ಜೆಲ್ಲಿಯೂ ಈ ಪರೀಕ್ಷೆಯಲ್ಲಿ ಪಾಸಾಗಬಹುದು. ತಾಜಾತನಕ್ಕೆ ನೋಡುವುದು ಫ್ಯೂರೋಸಿನ್ ಪ್ರಮಾಣವನ್ನು. ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲ ಸಕ್ಕರೆಯೊಂದಿಗೆ ವರ್ತಿಸಿದ್ದರ ಗುರುತು ಅದು. ಬೆಚ್ಚಗಿನ ಜಾಗದಲ್ಲಿ ದಿನ ಕಳೆದಷ್ಟೂ ಏರುತ್ತದೆ. ಮೂರನೆಯ ಪ್ರಶ್ನೆಯನ್ನು ನೀವು ಎತ್ತಿಯೇ ಇಲ್ಲ: ಜೇನುಗಳಿಗೆ ಸಕ್ಕರೆ ಪಾಕ ಕುಡಿಸಿ ತೆಗೆದ ಜೆಲ್ಲಿಯೇ? ಕಬ್ಬು ಮತ್ತು ಮೆಕ್ಕೆಜೋಳದ ಇಂಗಾಲಕ್ಕೆ ಬೇರೆಯದೇ ಐಸೊಟೋಪ್ ಗುರುತು (ಹಗುರ ಮತ್ತು ಭಾರದ ಇಂಗಾಲದ ಪ್ರಮಾಣ) ಇರುವುದರಿಂದ ಅದನ್ನು ಪತ್ತೆ ಹಚ್ಚುತ್ತಾರೆ. ಅಕ್ಕಿಯ ಪಾಕವಾದರೆ ಈ ಬಲೆಗೆ ಬೀಳುವುದಿಲ್ಲ. ಹೀಗೆ ಒಂದೊಂದು ಪರೀಕ್ಷೆಯೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ ಎಂದು ಓದುಗರಿಗೆ ತಿಳಿಸಿ.

‘ರಾಣಿ ಮಾತ್ರ ಇದನ್ನು ತಿನ್ನುತ್ತಾಳೆ, ಆದ್ದರಿಂದ ವರ್ಷಗಟ್ಟಲೆ ಬದುಕುತ್ತಾಳೆ, ನಾವೂ ತಿಂದರೆ ದೀರ್ಘಾಯುಷ್ಯ’ ಎಂಬ ಪುಟವನ್ನು ಪೂರ್ತಿ ತೆಗೆಯಿರಿ. ಮೊದಲ ಮೂರು ದಿನ ಕೆಲಸಗಾರ ಮರಿಗಳಿಗೂ ದಾದಿಗಳು ಗ್ರಂಥಿರಸವನ್ನೇ ಉಣಿಸುತ್ತವೆ. ಹುಳುವಿನ ಬೆಳವಣಿಗೆಯನ್ನು ತಿರುಗಿಸುವ ಆಹಾರ ಮನುಷ್ಯನ ಆಯುಷ್ಯವನ್ನು ಹೆಚ್ಚಿಸುತ್ತದೆ ಎನ್ನಲು ಆಧಾರವೇನು? ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2011ರಲ್ಲಿ ಇದರ ಆರೋಗ್ಯ ಲಾಭದ ಹೇಳಿಕೆಗಳನ್ನು ಪರಿಶೀಲಿಸಿ, ಕಾರ್ಯಕಾರಣ ಸಂಬಂಧ ಸಾಬೀತಾಗಿಲ್ಲವೆಂದಿತು. ಆಸ್ಟ್ರೇಲಿಯಾದಲ್ಲಂತೂ ಶೀಶೆಯ ಮೇಲೆ ಎಚ್ಚರಿಕೆ ಕಡ್ಡಾಯ, ಏಕೆಂದರೆ ಆಸ್ತಮಾ ಮತ್ತು ಅಲರ್ಜಿ ಇರುವವರಲ್ಲಿ ತೀವ್ರ ಪ್ರತಿಕ್ರಿಯೆ, ಅಪರೂಪಕ್ಕೆ ಸಾವು ಕೂಡ ವರದಿಯಾಗಿದೆ. ನಿಮ್ಮ ಲೇಖನ ನಂಬಿ ಆಸ್ತಮಾ ಇರುವ ಅಜ್ಜಿಗೆ ಯಾರಾದರೂ ಒಂದು ಚಮಚ ಕೊಟ್ಟರೆ? ಆ ಪುಟ ಓದುವಾಗ ನನಗೆ ನಿಜಕ್ಕೂ ಭಯವಾಯಿತು.

‘ಅಮೃತ’ ಎಂಬ ಪದ ಹನ್ನೊಂದು ಸಲ ಬಂದಿದೆ. ಒಂದೂ ಬೇಡ. ಬದಲಿಗೆ ಜೆಲ್ಲಿ ತೆಗೆಯುವ ಕೆಲಸವನ್ನು ಬರೆಯಿರಿ: ಎಳೆಯ ಮರಿಯನ್ನು ಕೃತಕ ಬಟ್ಟಲಿಗೆ ಕಸಿ ಮಾಡಿ, ಮೂರನೆಯ ದಿನ ಮರಿಯನ್ನು ತೆಗೆದು, ರಸ ಕೆರೆದುಕೊಂಡರೆ ಸಿಗುವುದು ಗ್ರಾಂನ ಕಾಲು ಭಾಗದಷ್ಟು. ಬೆರಕೆಯ ಆಸೆ ಎಲ್ಲಿಂದ ಹುಟ್ಟುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಸಾವಿರ ಪದ ಸಾಕು. ಮಾವನ ಪೆಟ್ಟಿಗೆಯಿಂದಲೇ ಆರಂಭಿಸಿ. ಅಲ್ಲಿ ಮತ್ತೆ ರಾಣಿಕೋಶ ಕಟ್ಟಿದಾಗ ಒಂದು ಚಿತ್ರ ತೆಗೆದು ಲೇಖನದ ಜೊತೆ ಕಳುಹಿಸಿ; ಮಾವನ ಹೆಸರು ಹಾಕಬಹುದೇ ಎಂದು ಅವರನ್ನೇ ಕೇಳಿ ತಿಳಿಸಿ.

ವಿಶ್ವಾಸದಿಂದ,
ಸಂಪಾದಕ